ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ: ಕಲ್ಕತ್ತೆಯ ಹಿನ್ನೆಲೆ

ಭಾರತದಲ್ಲಿ ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗದ ಬೇರುಗಳನ್ನು ಅರಸುವಾಗ, 1941ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯವು ಆರಂಭಿಸಿದ ಸಂಖ್ಯಾಶಾಸ್ತ್ರದ ಎಂ.ಎ. ತರಗತಿಯತ್ತ ನೋಡಬೇಕಾಗುತ್ತದೆ. ಅದರ ಹಿಂದಿದ್ದವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ.ಆರ್. ರಾವ್ ಅಲ್ಲಿನ ಮೊದಲ ತಂಡದಲ್ಲಿ ಓದಿ 1943ರಲ್ಲಿ ಪದವಿ ಪಡೆದರು.

ಅದು ಬಂಗಾಳದ ಮಹಾಕ್ಷಾಮದ ವರ್ಷ. ಕ್ಷಾಮಾನಂತರ ಸಂಸ್ಥೆಯ ಸಮೀಕ್ಷಕರು ಹಳ್ಳಿಗಳಿಗೆ ಹೋಗಿ, ಯಾರು ಹೊಲ ಮಾರಿದರು, ಯಾರು ಉಳುವ ಎತ್ತು ಕಳೆದುಕೊಂಡರು, ಯಾರು ಕಸುಬು ಬಿಟ್ಟರು ಎಂಬುದನ್ನು ಮನೆಯವರಿಂದಲೇ ಕೇಳಿ ಬರೆದುಕೊಂಡರು. ಜಾನಪದ ಸಂಗ್ರಾಹಕರ ಕ್ಷೇತ್ರಕಾರ್ಯಕ್ಕೆ ಇದು ತೀರ ಸಮೀಪದ ಕೆಲಸ. ಹೇಳಿದವರ ಮಾತು ಮಾತ್ರ ಕೋಷ್ಟಕದಲ್ಲಿ ಉಳಿಯಲಿಲ್ಲ.

ರಾವ್ ಕಲ್ಕತ್ತೆಯಲ್ಲಿಯೇ ಬೋಧಿಸುತ್ತಿದ್ದಾಗ, ದೊಡ್ಡ ಮಾದರಿಗಳಿಗೆ ಅನ್ವಯಿಸುವ ಫಿಶರ್ ಅವರ ಫಲಿತಾಂಶವು ಸಣ್ಣ ಮಾದರಿಗಳಿಗೂ ಸಲ್ಲುವುದೇ ಎಂದು ವಿದ್ಯಾರ್ಥಿ ವಿ.ಎಂ. ದಾಂಡೇಕರ್ ಕೇಳಿದರು. ಆ ರಾತ್ರಿ ರಾವ್ ಕಂಡುಕೊಂಡ ಉತ್ತರವು 1945ರಲ್ಲಿ ಪ್ರಕಟವಾಗಿ, ಮುಂದೆ ಕ್ರಾಮರ್-ರಾವ್ ಅಸಮತೆ ಎಂದು ಹೆಸರಾಯಿತು. ಪ್ರಶ್ನೆ ಕೇಳಿದವರ ಮುಂದಿನ ದಾರಿ ಅಷ್ಟೇ ಗಮನಾರ್ಹವಾದುದು. ಅರ್ಥಶಾಸ್ತ್ರಜ್ಞರಾದ ದಾಂಡೇಕರ್ 1971ರಲ್ಲಿ ನೀಲಕಂಠ ರಥ್ ಅವರೊಡನೆ, ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಅಂಶಗಳನ್ನು ಆಧರಿಸಿ, ದಿನಕ್ಕೆ 2,250 ಕ್ಯಾಲೊರಿ ಆಹಾರಕ್ಕೂ ಗತಿಯಿಲ್ಲದವರ ಪ್ರಮಾಣವನ್ನು ಅಂದಾಜು ಮಾಡಿದರು.

1959ರ ಕಾಯ್ದೆಯಿಂದ ಪದವಿ ನೀಡುವ ಅಧಿಕಾರ ಪಡೆದ ಸಂಸ್ಥೆಯು, ಪರಿಮಾಣಾತ್ಮಕ ಅರ್ಥಶಾಸ್ತ್ರ ಎಂಬ ಹೆಸರಿನಲ್ಲಿಯೇ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವನ್ನು ಕೋಲ್ಕತ್ತ, ದೆಹಲಿ ಕೇಂದ್ರಗಳಲ್ಲಿ ನಡೆಸಿಕೊಂಡು ಬಂದಿದೆ. ಪ್ರವೇಶ ಬಯಸುವವರು ಗಣಿತ ಮತ್ತು ಅರ್ಥಶಾಸ್ತ್ರ ಎರಡರಲ್ಲಿಯೂ ಪರೀಕ್ಷೆ ಬರೆಯಬೇಕು.