ಹೆಸರಿಲ್ಲದ ಕಣ್ಣುಬೇನೆ: ಗೋಕಾಕ ಸೀಮೆಯ ಜನಪದ ನೇತ್ರಜ್ಞಾನ ಮತ್ತು ಗ್ಲಾಕೋಮಾ

ಪ್ರವೇಶ

ಘಟಪ್ರಭಾ ನದಿಯ ಆಸುಪಾಸಿನಲ್ಲಿ ಹರಡಿಕೊಂಡಿರುವ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಸೀಮೆ ಜಾನಪದ ಅಧ್ಯಯನಕಾರರಿಗೆ ಅಪರಿಚಿತವಾದುದಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಮತ್ತು ಅದನ್ನು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮನ ಅಭಿನಯವನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ಆದರೆ ಇದೇ ಸೀಮೆಯ ಜನರು ತಮ್ಮ ದೇಹದ ಬೇನೆಗಳನ್ನು ಯಾವ ಮಾತುಗಳಲ್ಲಿ ಗ್ರಹಿಸುತ್ತಾರೆ, ಆ ಮಾತುಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಕಣ್ಣುಬೇನೆಯ ಹೆಸರುಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದು ಕೇವಲ ಪದಸಂಗ್ರಹದ ವಿಷಯವಲ್ಲ. ಒಂದು ಬೇನೆಗೆ ಹೆಸರಿಲ್ಲದಿದ್ದುದರಿಂದ ಮನುಷ್ಯರು ದೃಷ್ಟಿ ಕಳೆದುಕೊಂಡ ಸಂಗತಿಯೂ ಇದರಲ್ಲಿ ಅಡಗಿದೆ.

ಹೆಸರು ಪಡೆದ ಬೇನೆಗಳು

ಈ ಭಾಗದಲ್ಲಿ ಕಣ್ಣು ಕೆಂಪಾಗಿ ಪಿಸುರು ಕಟ್ಟಿದರೆ 'ಕಣ್ಣು ಬಂದಾವ' ಎನ್ನುತ್ತಾರೆ. ಕತ್ತಲಾದೊಡನೆ ಕಾಣದಿದ್ದರೆ ಅದು 'ಇರುಳುಗಣ್ಣು'. ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ಮೂಡಿದರೆ 'ಹೂ ಬಿದ್ದೈತಿ' ಎನ್ನುವುದುಂಟು. ನೋಟ ವಾರೆಯಾದರೆ 'ಮೆಳ್ಳಗಣ್ಣು'. ಮುಪ್ಪಿನಲ್ಲಿ ದೃಷ್ಟಿ ಮಬ್ಬಾದರೆ ಅದು 'ಪೊರೆ', ಆಡುಮಾತಿನಲ್ಲಿ 'ಪೊರಿ'. ಕಣ್ಣು ಗುಣವಾದರೆ ಬೆಳ್ಳಿಯ ಕಣ್ಣು ಮಾಡಿಸಿ ದೇವಿಗೆ ಒಪ್ಪಿಸುವ ಹರಕೆಯೂ ರೂಢಿಯಲ್ಲಿದೆ.

ಈ ಹೆಸರುಗಳನ್ನು ಒಟ್ಟಾಗಿ ನೋಡಿದಾಗ ಒಂದು ಸಮಾನ ಲಕ್ಷಣ ಕಂಡುಬರುತ್ತದೆ. ಕೆಂಪು, ಹೂ, ವಾರೆನೋಟ, ಪಾಪೆಯ ಬಿಳುಪು ಇವೆಲ್ಲ ಎದುರಿಗೆ ನಿಂತವರ ಕಣ್ಣಿಗೆ ಬೀಳುವ ಗುರುತುಗಳು. ಇರುಳುಗಣ್ಣು ರೋಗಿಗೆ ತಾನಾಗಿಯೇ ತಿಳಿಯುವಂಥದು. ಅಂದರೆ ಜನಪದರು ಹೆಸರಿಟ್ಟಿರುವುದು ನೋಡುವವರಿಗೆ ಕಾಣುವ ಅಥವಾ ಅನುಭವಿಸುವವರಿಗೆ ಅರಿವಾಗುವ ಬೇನೆಗಳಿಗೆ.

ಗ್ಲಾಕೋಮಾ ಈ ಎರಡೂ ವರ್ಗಗಳಿಗೆ ಸೇರುವುದಿಲ್ಲ. ಕಣ್ಣಿನೊಳಗೆ ನಿರಂತರವಾಗಿ ಉತ್ಪತ್ತಿಯಾಗುವ ದ್ರವ ಸರಾಗವಾಗಿ ಹೊರಹೋಗದಿದ್ದಾಗ ಒಳಗಿನ ಒತ್ತಡ ಏರುತ್ತದೆ. ಕಣ್ಣಿನಿಂದ ಮಿದುಳಿಗೆ ನೋಟವನ್ನು ಒಯ್ಯುವ ದೃಷ್ಟಿನರದ ಎಳೆಗಳು ಒಂದೊಂದಾಗಿ ನಾಶವಾಗುತ್ತವೆ. ಕೆಲವರಲ್ಲಿ ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದರೂ ನರ ಸವೆಯುತ್ತದೆ. ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ, ಪಾಪೆ ತಿಳಿಯಾಗಿಯೇ ಇರುತ್ತದೆ. ಮೊದಲು ಹೋಗುವುದು ಅಂಚಿನ ನೋಟ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವುದರಿಂದ ರೋಗಿಗೆ ಬಹುಕಾಲ ಏನೂ ತಿಳಿಯುವುದಿಲ್ಲ. ಹೋದ ನೋಟ ಮರಳುವುದೂ ಇಲ್ಲ. ಗುರುತೇ ಇಲ್ಲದ ಬೇನೆಗೆ ಜನರು ಹೆಸರಿಡದಿದ್ದುದು ಸಹಜವೇ. ಪರಿಣಾಮವಾಗಿ, ಮುಪ್ಪಿನಲ್ಲಿ ಮಂದವಾದ ಕಣ್ಣುಗಳೆಲ್ಲ 'ಪೊರೆ' ಎಂಬ ಒಂದೇ ಹೆಸರಿನ ಕೆಳಗೆ ಸೇರಿದವು.

ಶಾಸ್ತ್ರದ ಪದ, ಗಡಿಯ ಪದ

ಇಂಥ ಬೆರಕೆ ಜನಪದರಿಗಷ್ಟೇ ಸೀಮಿತವಲ್ಲ. ಸುಶ್ರುತ ಸಂಹಿತೆಯು 76 ನೇತ್ರರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ 'ಅಧಿಮಂಥ' ಎಂಬುದು ಕಣ್ಣನ್ನೂ ಅರ್ಧ ತಲೆಯನ್ನೂ ಕಡೆಗೋಲಿನಿಂದ ಕಡೆದಂತೆ ನೋಯಿಸುವ ರೋಗ. ಉಪಚಾರ ತಪ್ಪಿದರೆ ಕಫಜ ಅಧಿಮಂಥ ಏಳು ರಾತ್ರಿಗಳಲ್ಲಿ, ವಾತಜ ಆರು ರಾತ್ರಿಗಳಲ್ಲಿ, ರಕ್ತಜ ಐದು ರಾತ್ರಿಗಳಲ್ಲಿ, ಪಿತ್ತಜ ತತ್‌ಕ್ಷಣವೇ ದೃಷ್ಟಿಯನ್ನು ಕೆಡಿಸುತ್ತದೆಂದು ಅಲ್ಲಿ ಹೇಳಿದೆ. ಹಠಾತ್ತಾಗಿ ಒತ್ತಡ ಏರುವ ಗ್ಲಾಕೋಮಾದ ತೀವ್ರ ರೂಪಕ್ಕೆ ಇದನ್ನು ಹೋಲಿಸುವುದು ವಾಡಿಕೆ. ಆದರೆ ನೋವಿಲ್ಲದೆ ನಿಧಾನವಾಗಿ ಬರುವ ರೂಪವನ್ನು ಹೀಗೆ ಒಂದು ಹೆಸರಿಗೆ ಜೋಡಿಸುವುದು ಕಷ್ಟ.

ಗೋಕಾಕ ಸೀಮೆಯು ಮರಾಠಿಯ ಸಂಪರ್ಕದಲ್ಲಿರುವುದರಿಂದ ಇನ್ನೊಂದು ಪದಜೋಡಿಯನ್ನು ಇಲ್ಲಿ ಗಮನಿಸಬೇಕು. ಮರಾಠಿಯಲ್ಲಿ ಪೊರೆಗೆ 'ಮೋತಿಬಿಂದು', ಗ್ಲಾಕೋಮಾಕ್ಕೆ 'ಕಾಚಬಿಂದು' ಎಂಬ ಹೆಸರುಗಳಿವೆ. ಮುತ್ತಿನಂತೆ ಬಿಳಿಯಾದುದು ಒಂದು, ಗಾಜಿನಂತೆ ಕಾಣುವುದು ಇನ್ನೊಂದು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ತಿಮಿರ, ಕಾಚ, ಲಿಂಗನಾಶ ಎಂಬವು ದೃಷ್ಟಿ ಮಂದವಾಗುತ್ತ ಹೋಗುವ ಹಂತಗಳು. ಪೊರೆಯ ವಿಚಾರದಲ್ಲಿ ಬಳಕೆಯಾದ ಆ 'ಕಾಚ' ಶಬ್ದವೇ ಇಂದಿನ ಮರಾಠಿಯಲ್ಲಿ ಬೇರೊಂದು ರೋಗಕ್ಕೆ ಅಂಟಿಕೊಂಡಿದೆ. ಯುರೋಪಿನಲ್ಲಿಯೂ ಇದೇ ಕಥೆ. ನೀಲಿಹಸಿರು ಛಾಯೆಯನ್ನು ಸೂಚಿಸುವ ಗ್ರೀಕ್ ಮೂಲದ 'ಗ್ಲಾಕೋಮಾ' ಶಬ್ದವನ್ನು ಶತಮಾನಗಳ ಕಾಲ ಮಸೂರದ ದೋಷಕ್ಕೆ ಬಳಸಲಾಗುತ್ತಿತ್ತು. ಪೊರೆಯೆಂದರೆ ಮಂಜಾದ ಮಸೂರವೇ ಎಂಬುದು ಅಲ್ಲಿ ಸ್ಥಿರಪಟ್ಟುದು 18ನೆಯ ಶತಮಾನದ ಆರಂಭದಲ್ಲಿ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗನ್ನು ನೋಡುವ ದರ್ಶಕವನ್ನು ರೂಪಿಸಿದ ಮೇಲೆಯೇ ಜೀವಂತ ಮನುಷ್ಯನ ದೃಷ್ಟಿನರದ ತಲೆಯು ವೈದ್ಯರಿಗೆ ಕಾಣಿಸಿತು. ಆದ್ದರಿಂದ, ಕಾಣದುದಕ್ಕೆ ಹೆಸರಿಡದಿದ್ದುದು ಹಳ್ಳಿಗರ ಅಜ್ಞಾನವೆಂದು ತೀರ್ಮಾನಿಸುವುದು ಸರಿಯಾಗಲಾರದು.

'ಬಲಿಯಲಿ' ಎಂಬ ಮಾತಿನ ಚರಿತ್ರೆ

ಕ್ಷೇತ್ರಕಾರ್ಯದಲ್ಲಿ ನಾನು ಅನೇಕ ಬಾರಿ ಕೇಳಿದ ಮಾತೊಂದಿದೆ: "ಪೊರಿ ಬಂದೈತ್ರಿ, ಇನ್ನಾ ಬಲ್ತಿಲ್ಲ. ಬಲ್ತ ಮ್ಯಾಲ ತಗಸಿದ್ರಾತು." ಹಣ್ಣು, ಕಾಳು, ತೆನೆಗಳಿಗೆ ಸಲ್ಲುವ 'ಬಲಿಯುವುದು' ಎಂಬ ಕೃಷಿಯ ಕ್ರಿಯಾಪದ ಇಲ್ಲಿ ಕಣ್ಣಿಗೆ ಸಂದಿದೆ. ಮೇಲುನೋಟಕ್ಕೆ ಇದು ಜನಪದ ನಂಬಿಕೆಯೆಂದು ತೋರುತ್ತದೆ. ಆದರೆ ಇದರ ಮೂಲ ಶಸ್ತ್ರವೈದ್ಯದಲ್ಲಿದೆ.

ಹಿಂದೆ ಸಂಚಾರಿ ವೈದ್ಯರು ಸೂಜಿಯಿಂದ ಮಂಜಾದ ಮಸೂರವನ್ನು ಕಣ್ಣಿನೊಳಗೇ ಕೆಳಕ್ಕೆ ತಳ್ಳುತ್ತಿದ್ದರು. ಮದರಾಸಿನ ಸರಕಾರಿ ನೇತ್ರ ಆಸ್ಪತ್ರೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಈ ಭಾರತೀಯ ಪದ್ಧತಿಯನ್ನು ಕುರಿತು 1917ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸಗಳನ್ನು ನೀಡಿ, ಅವುಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ಹೀಗೆ ಚಿಕಿತ್ಸೆ ಪಡೆದ ಕಣ್ಣುಗಳು ಕೆಡಲು ಕಾರಣವಾದ ತೊಡಕುಗಳಲ್ಲಿ ಗ್ಲಾಕೋಮಾವೂ ಒಂದೆಂದು ಅವನು ದಾಖಲಿಸಿದ್ದಾನೆ. ಇದೇ ಎಲಿಯಟ್ 1909ರಲ್ಲಿ, ಕಣ್ಣಿನ ಬಿಳಿಗುಡ್ಡೆ ಮತ್ತು ಕರಿಗುಡ್ಡೆ ಸೇರುವ ಅಂಚಿನಲ್ಲಿ ಸಣ್ಣ ರಂಧ್ರ ಕೊರೆದು ಒಳದ್ರವಕ್ಕೆ ದಾರಿ ಮಾಡಿಕೊಡುವ ಗ್ಲಾಕೋಮಾ ಶಸ್ತ್ರಕ್ರಿಯೆಯನ್ನು ಮದರಾಸಿನಲ್ಲಿ ರೂಢಿಗೆ ತಂದನು. 1968ರಲ್ಲಿ ಕೇರ್ನ್ಸ್ ವಿವರಿಸಿದ ಟ್ರಾಬೆಕ್ಯುಲೆಕ್ಟಮಿಯು ಮುಂದೆ ಅದರ ಸ್ಥಾನವನ್ನು ಪಡೆಯಿತು.

ಗೋಕಾಕ ಸೀಮೆಯ ಜನರಿಗೆ ಆಸ್ಪತ್ರೆಯೆಂದರೆ ಬಹುಕಾಲ ಮಿರಜ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ತೆರೆದ ಮಿಷನ್ ಆಸ್ಪತ್ರೆಗೆ ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳಿಂದ ರೈಲಿನಲ್ಲಿ ಹೋಗಬಹುದಾಗಿತ್ತು. ಸ್ವಾತಂತ್ರ್ಯಪೂರ್ವದಲ್ಲಿಯೇ ಘಟಪ್ರಭೆಯಲ್ಲಿ ಆರಂಭವಾದ, ಡಾ. ನಾ. ಸು. ಹರ್ಡೀಕರರ ಹೆಸರಿನೊಂದಿಗೆ ಬೆರೆತಿರುವ ಕರ್ನಾಟಕ ಆರೋಗ್ಯಧಾಮವು ಆಸ್ಪತ್ರೆಯನ್ನು ಮನೆಯ ಬಾಗಿಲಿಗೆ ತಂದಿತು. ನೆರೆಯ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು (1916–2005) 1943ರಿಂದ ಕಣ್ಣಿನ ಸಾಮೂಹಿಕ ಶಿಬಿರಗಳನ್ನು ನಡೆಸಿದರು. 1993ರ ಫೆಬ್ರುವರಿಯವರೆಗೆ ಅವರು ಮಾಡಿದ ಶಸ್ತ್ರಕ್ರಿಯೆಗಳ ಸಂಖ್ಯೆ 6,10,564 ಎಂದು ದಾಖಲಾಗಿದೆ. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಜಾರಿಗೆ ಬಂದ ಮೇಲೆ 'ಕಣ್ಣಿನ ಕ್ಯಾಂಪು' ಹಳ್ಳಿಯ ನುಡಿಯಲ್ಲಿ ನೆಲೆಯೂರಿತು.

ಈ ಶಿಬಿರಗಳು ಬೆಳಕು ಕೊಟ್ಟ ಮನೆಗಳು ಅಸಂಖ್ಯ. ಅವುಗಳ ಉಪಕಾರವನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಭಾಷೆಯ ದೃಷ್ಟಿಯಿಂದ ಎರಡು ಪರಿಣಾಮಗಳಾದವು. ಮೊದಲನೆಯದಾಗಿ, ಶಿಬಿರದ ಗುರಿ ಮುಖ್ಯವಾಗಿ ಪೊರೆಯೇ ಆಗಿದ್ದುದರಿಂದ ಮುಪ್ಪಿನ ಕುರುಡೆಂದರೆ ಪೊರೆ, ಪೊರೆಯೆಂದರೆ ತೆಗೆಸಿದರೆ ಹೋಗುವಂಥದು ಎಂಬ ಸಮೀಕರಣ ಗಟ್ಟಿಯಾಯಿತು. ಎರಡನೆಯದಾಗಿ, ಕೃತಕ ಮಸೂರ ಬಳಕೆಗೆ ಬರುವ ಮೊದಲಿನ ಶಸ್ತ್ರಕ್ರಿಯೆಗಳಲ್ಲಿ ಪೊರೆ ಪೂರ್ತಿ ಬಲಿಯುವವರೆಗೆ ಕಾಯಿರಿ ಎಂಬುದು ವೈದ್ಯರದೇ ಸಲಹೆಯಾಗಿತ್ತು. ಅರ್ಧ ಬಲಿತ ಪೊರೆಯನ್ನು ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುವುದರಿಂದ ಆಗ ಲಾಭಕ್ಕಿಂತ ತೊಡಕೇ ಹೆಚ್ಚು. ಇಂದಿನ ವಿಧಾನದಲ್ಲಿ ಹಾಗೆ ಕಾಯುವ ಅಗತ್ಯವಿಲ್ಲ. ವೈದ್ಯರು ಸಲಹೆಯನ್ನು ಬದಲಿಸಿದರು. ಜನರ ನಾಲಗೆಯ ಮೇಲೆ ಹಳೆಯ ಸಲಹೆ ಉಳಿಯಿತು. ಹೀಗಾಗಿ 'ಬಲಿಯಲಿ' ಎಂಬುದು ಮೂಢನಂಬಿಕೆಯಲ್ಲ, ಅವಧಿ ಮೀರಿದ ವೈದ್ಯಕೀಯ ಜ್ಞಾನ.

ಪೊರೆಯಿದ್ದವರಿಗೆ ಈ ಕಾಯುವಿಕೆಯಿಂದ ಬಹುತೇಕ ಆಗುವ ನಷ್ಟ ಕೆಲವು ವರ್ಷಗಳ ಮಬ್ಬು. ಗ್ಲಾಕೋಮಾ ಇದ್ದವರಿಗೆ ಆಗುವ ನಷ್ಟ ದೃಷ್ಟಿಯೇ. ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ನನಗೆ ಸೋಬಾನೆ ಹಾಡುಗಳನ್ನು ಹೇಳಿಕೊಟ್ಟ ಹಿರಿಯ ತಾಯಿಯೊಬ್ಬರು ಹೀಗೆಯೇ ಕಾದರು. "ಯಾಕಬೇ ಯವ್ವಾ, ಕಣ್ಣ ತೋರಸಬಾರದ?" ಎಂದು ಕೇಳಿದಾಗ ದೊರೆತುದು 'ಬಲ್ತಿಲ್ಲ' ಎಂಬ ಉತ್ತರವೇ. ಕೊನೆಗೆ ಆಸ್ಪತ್ರೆಗೆ ಹೋದಾಗ ಪೊರೆ ಅಲ್ಪವಾಗಿದೆ, ನರ ಒಣಗಿದೆ ಎಂಬ ಮಾತು ಬಂತು. ನನ್ನ ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಅವರ ಹೆಸರಿನ ಮುಂದೆ ನಾನೂ 'ಪೊರೆ ಬಂದಿದೆ' ಎಂದೇ ಬರೆದುಕೊಂಡಿದ್ದೆ. ಜನರ ಮಾತನ್ನು ಇದ್ದಂತೆಯೇ ದಾಖಲಿಸಬೇಕೆಂಬುದು ನಮ್ಮ ಶಾಸ್ತ್ರದ ಶಿಸ್ತು. ಆ ಮಾತು ಏನನ್ನು ಮುಚ್ಚಿದೆಯೆಂದು ಕೇಳುವುದೂ ಅದೇ ಶಿಸ್ತಿನ ಭಾಗವಾಗಬೇಕೆಂದು ಆಗ ಅನಿಸಿತು.

ಇತ್ತೀಚಿನ ಸಂಶೋಧನೆಗಳು ಹೇಳುವುದೇನು?

ಹೆಸರಿಲ್ಲದ ಬೇನೆಯ ವ್ಯಾಪ್ತಿಯನ್ನು ಜನಸಮೀಕ್ಷೆಗಳು ತೋರಿಸಿಕೊಟ್ಟಿವೆ. ತಮಿಳುನಾಡಿನಲ್ಲಿ ಅರವಿಂದ ಸಂಸ್ಥೆ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 40 ವರ್ಷ ಮೀರಿದವರಲ್ಲಿ ಶೇ. 2.6ರಷ್ಟು ಜನರಿಗೆ ಗ್ಲಾಕೋಮಾ ಇದ್ದಿತು, ಅವರಲ್ಲಿ ಶೇ. 90ಕ್ಕೂ ಹೆಚ್ಚು ಜನರಿಗೆ ಅದು ಮೊದಲು ತಿಳಿದಿರಲಿಲ್ಲ. ಭಾರತದಲ್ಲಿ 40 ವರ್ಷ ಮೀರಿದ ಸುಮಾರು 1 ಕೋಟಿ 12 ಲಕ್ಷ ಜನರಿಗೆ ಈ ರೋಗವಿದೆಯೆಂದು 2010ರ ಅಂದಾಜು ಹೇಳಿತು. 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ವರ್ಷ ಮೀರಿದವರ ಅಂಧತ್ವಕ್ಕೆ ಪೊರೆಯ ಪಾಲು ಶೇ. 66.2, ಗ್ಲಾಕೋಮಾದ ಪಾಲು ಶೇ. 5.5. ಈ ಎರಡನೆಯ ಸಂಖ್ಯೆ ಚಿಕ್ಕದಾಗಿ ಕಂಡರೂ, ಪೊರೆಯ ಕುರುಡಿಗೆ ಬಹುಮಟ್ಟಿಗೆ ಪರಿಹಾರವಿದೆ, ಗ್ಲಾಕೋಮಾದ ಕುರುಡಿಗೆ ಇಲ್ಲ ಎಂಬುದನ್ನು ಮರೆಯುವಂತಿಲ್ಲ.

ರೋಗನಿದಾನದ ವಿಷಯದಲ್ಲಿ ಆಗಿರುವ ಮುಖ್ಯ ಬದಲಾವಣೆಯೆಂದರೆ ಒತ್ತಡವೊಂದನ್ನೇ ನಂಬುವುದನ್ನು ಕೈಬಿಟ್ಟಿರುವುದು. ಈಗ ಒತ್ತಡವನ್ನು ಅಳೆಯುವುದರ ಜೊತೆಗೆ ದೃಷ್ಟಿನರದ ತಲೆಯನ್ನು ನೋಡುತ್ತಾರೆ, ದ್ರವ ಹೊರಹೋಗುವ ಕೋನವನ್ನು ಪರೀಕ್ಷಿಸುತ್ತಾರೆ, ಅಂಚಿನ ನೋಟದ ನಕ್ಷೆ ತೆಗೆಯುತ್ತಾರೆ, ಅಗತ್ಯವಿದ್ದರೆ ಬೆಳಕಿನ ಕಿರಣಗಳ ಸಹಾಯದಿಂದ ನರದ ಪದರದ ದಪ್ಪವನ್ನು ಅಳೆಯುತ್ತಾರೆ. ಸಾಮಾನ್ಯ ಒತ್ತಡವಿದ್ದವರಲ್ಲಿಯೂ ಅದನ್ನು ಶೇ. 30ರಷ್ಟು ಇಳಿಸಿದರೆ ರೋಗದ ಓಟ ತಗ್ಗುತ್ತದೆಂದು 1998ರ ಅಧ್ಯಯನ ತೋರಿಸಿತು. ಒತ್ತಡ ಹೆಚ್ಚಿದ್ದೂ ನರ ಕೆಡದ 1,636 ಜನರನ್ನು ಕುರಿತ ಅಮೆರಿಕದ ಅಧ್ಯಯನದಲ್ಲಿ (2002), ಐದು ವರ್ಷಗಳಲ್ಲಿ ಹನಿಮದ್ದು ಬಳಸಿದವರ ಪೈಕಿ ಶೇ. 4.4, ಬಳಸದವರ ಪೈಕಿ ಶೇ. 9.5ರಷ್ಟು ಜನರಲ್ಲಿ ರೋಗ ಕಾಣಿಸಿಕೊಂಡಿತು.

ಹನಿಮದ್ದನ್ನು ಜೀವನಪರ್ಯಂತ ಬಿಡದೆ ಹಾಕಿಕೊಳ್ಳುವುದು ಹೊಲಮನೆಯ ಕೆಲಸದವರಿಗೆ ಸುಲಭವಲ್ಲ. ಈ ದೃಷ್ಟಿಯಿಂದ 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ಮಹತ್ವದ್ದು. ಮೊದಲಿಗೆ ಲೇಸರ್ ಚಿಕಿತ್ಸೆ ಪಡೆದವರಲ್ಲಿ ಸುಮಾರು ಮುಕ್ಕಾಲು ಭಾಗದವರ ಒತ್ತಡ ಮೂರು ವರ್ಷಗಳ ನಂತರವೂ ಹನಿಯಿಲ್ಲದೆ ಹತೋಟಿಯಲ್ಲಿತ್ತು. ಕೋನ ಮುಚ್ಚಿಕೊಳ್ಳುವ ಬಗೆಯ ಗ್ಲಾಕೋಮಾವನ್ನು ಕುರಿತ 2016ರ ಅಧ್ಯಯನವು, ಪೊರೆಯೇ ಇಲ್ಲದ ತಿಳಿಯಾದ ಮಸೂರವನ್ನು ತೆಗೆದು ಕೃತಕ ಮಸೂರ ಇಡುವುದು ಲೇಸರ್ ರಂಧ್ರಕ್ಕಿಂತ ಉತ್ತಮ ಫಲ ಕೊಟ್ಟಿತೆಂದು ವರದಿ ಮಾಡಿತು. ಬಲಿಯುವವರೆಗೆ ಕಾಯಬೇಕೆಂದಿದ್ದ ವೈದ್ಯವು ಬಲಿಯುವ ಲಕ್ಷಣವೇ ಇಲ್ಲದ ಮಸೂರವನ್ನು ತೆಗೆಯುವ ಹಂತಕ್ಕೆ ಬಂದಿದೆ. ಇದರರ್ಥ ಎಲ್ಲರಿಗೂ ಚಿಕಿತ್ಸೆ ಬೇಕೆಂದಲ್ಲ. ಕೋನ ಕಿರಿದಾಗಿದ್ದು ರೋಗ ಬಾರದವರಿಗೆಲ್ಲ ಮುನ್ನೆಚ್ಚರಿಕೆಯ ಲೇಸರ್ ಅನವಶ್ಯಕವೆಂದು ಚೀನಾದ ಗುವಾಂಗ್‌ಝೌ ನಗರದ ಅಧ್ಯಯನ (2019) ಸೂಚಿಸಿತು.

'ಚಾಳೀಸು': ಇರುವ ಮಾತಿನ ಉಪಯೋಗ

ಹಾಗಾದರೆ ಹೆಸರಿಲ್ಲದ ಬೇನೆಯನ್ನು ಜನರ ಅರಿವಿಗೆ ತರುವುದು ಹೇಗೆ? ಹೊಸ ಪದವನ್ನು ಟಂಕಿಸಿ ಹಂಚುವುದು ಒಂದು ದಾರಿ. ಅದಕ್ಕಿಂತ ಹತ್ತಿರದ ದಾರಿ ಜನರ ನುಡಿಯಲ್ಲಿಯೇ ಇದೆ. ಉತ್ತರ ಕರ್ನಾಟಕದಲ್ಲಿ ಕನ್ನಡಕಕ್ಕೆ 'ಚಾಳೀಸು' ಎಂಬ ಹೆಸರಿದೆ. ನಲವತ್ತು ಎಂಬರ್ಥದ ಹಿಂದಿ, ಮರಾಠಿ ಶಬ್ದದಿಂದ ಇದು ಬಂದಿದೆ. ನಲವತ್ತಕ್ಕೆ ಹತ್ತಿರದ ನೋಟ ಕುಂದುತ್ತದೆ ಎಂಬ ಅನುಭವ ವಸ್ತುವಿನ ಹೆಸರಾಗಿ ಉಳಿದಿದೆ. ನೇತ್ರತಜ್ಞರು ಗ್ಲಾಕೋಮಾಕ್ಕಾಗಿ ಕಣ್ಣನ್ನು ಪರೀಕ್ಷಿಸಿಕೊಳ್ಳಬೇಕೆಂದು ಹೇಳುವ ವಯಸ್ಸೂ ಇದೇ. ಚಾಳೀಸು ಮಾಡಿಸುವ ದಿನ ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಿಸಬೇಕೆಂಬ ಒಂದು ವಾಕ್ಯ ಹಳ್ಳಿಯ ಮಾತಿಗೆ ಸೇರಿದರೆ, ಪ್ರತ್ಯೇಕ ಶಿಬಿರವಿಲ್ಲದೆಯೂ ಎಷ್ಟೋ ಜನರ ರೋಗ ಬೇಗ ತಿಳಿಯುವುದು ಸಾಧ್ಯ.

ಇನ್ನೊಂದು ಆಧಾರ ವಂಶಸ್ಮೃತಿ. ಮನೆತನಗಳ ವಂಶಾವಳಿಯನ್ನು ಒಪ್ಪಿಸುವ ಹೆಳವರ ಪರಂಪರೆ ಈ ಭಾಗದ್ದು. ಗ್ಲಾಕೋಮಾ ಇದ್ದವರ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಬರುವ ಸಂಭವ ಉಳಿದವರಿಗಿಂತ ಹೆಚ್ಚು. 'ಅಜ್ಜನಿಗೆ ಪೊರೆ ತೆಗೆಸಿದರೂ ಕಾಣಲಿಲ್ಲ' ಎಂಬ ನೆನಪು ಮನೆಯಲ್ಲಿದ್ದರೆ ಅದು ಮೊಮ್ಮಕ್ಕಳಿಗೆ ಎಚ್ಚರಿಕೆಯ ಮಾತು. ಕಣ್ಣು ತುರಿಸಿತೆಂದು ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುವುದೂ ಒತ್ತಡವನ್ನು ಏರಿಸಬಲ್ಲುದು.

ಉಪಸಂಹಾರ

ಜನಪದ ವೈದ್ಯಜ್ಞಾನವನ್ನು ಒಂದೋ ಪ್ರಾಚೀನ ವಿವೇಕವೆಂದು ಹೊಗಳುವುದು, ಇಲ್ಲವೇ ಅಜ್ಞಾನವೆಂದು ತೆಗೆದುಹಾಕುವುದು ರೂಢಿಯಾಗಿದೆ. ಗೋಕಾಕ ಸೀಮೆಯ ಕಣ್ಣುಬೇನೆಯ ಮಾತುಗಳು ಈ ಎರಡಕ್ಕೂ ಒಳಪಡುವುದಿಲ್ಲ. 'ಪೊರೆ ಬಲಿಯಲಿ' ಎಂಬುದರಲ್ಲಿ ಒಂದು ಕಾಲದ ಶಸ್ತ್ರವೈದ್ಯದ ಚರಿತ್ರೆ ಇದೆ, 'ಚಾಳೀಸು' ಎಂಬುದರಲ್ಲಿ ಇಂದಿನ ವೈದ್ಯಕ್ಕೆ ಒದಗುವ ಒಂದು ಕಾಲಸೂಚಿ ಇದೆ. ಮೊದಲನೆಯ ಮಾತನ್ನು ವೈದ್ಯರು ಕೊಟ್ಟಿದ್ದರು. ಅದನ್ನು ಹಿಂತೆಗೆದುಕೊಂಡಿರುವುದನ್ನು ಜನರಿಗೆ ತಿಳಿಸುವ ಹೊಣೆಯೂ ವೈದ್ಯಲೋಕದ್ದೇ. ಅವರೊಡನೆ ಅದೇ ಹಳ್ಳಿಗಳಲ್ಲಿ ತಿರುಗುವ ಜಾನಪದ ಸಂಶೋಧಕರೂ ಈ ಹೊಣೆಯಲ್ಲಿ ಪಾಲುದಾರರು. ಇನ್ನು ಮುಂದೆ ಹಾಡು ಬರೆದುಕೊಳ್ಳುವಾಗ, ಹಾಡುವವರ ಕಣ್ಣನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂಬ ಪ್ರಶ್ನೆ ನಮ್ಮ ಪ್ರಶ್ನಾವಳಿಯಲ್ಲಿಯೂ ಇರಬೇಕು.