ಪ್ರಾಕ್ಸಿ ಸಂಕಲನ

ಪ್ರಾಕ್ಸಿ ಸಂಕಲನವು ಮೂಲ ವೀಡಿಯೊ ಕಡತಗಳ ಬದಲು ಅವುಗಳ ಕಿರುಗಾತ್ರದ ಪ್ರತಿಗಳನ್ನು ಬಳಸಿ ಚಲನಚಿತ್ರವನ್ನು ಸಂಕಲಿಸುವ ವಿಧಾನ. ಸಾಮರ್ಥ್ಯದಲ್ಲಿ ಭಿನ್ನವಾದ ಕಂಪ್ಯೂಟರ್‌ಗಳ ನಡುವೆ ಕೆಲಸ ಹಂಚಲು ಇದು ನೆರವಾಗುತ್ತದೆ.

ಕಾರ್ಯವಿಧಾನ

3840×2160 ಪಿಕ್ಸೆಲ್‌ಗಳ ಫ್ರೇಮ್ 1920×1080ರ ನಾಲ್ಕು ಪಟ್ಟು ದೊಡ್ಡದು. ಆದ್ದರಿಂದ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಪ್ರಾಕ್ಸಿಯಿಂದ ಸಂಕಲನವನ್ನೂ, ಪ್ರಬಲ ಕಂಪ್ಯೂಟರ್‌ನಲ್ಲಿ ಮೂಲದಿಂದ ದೃಶ್ಯಪರಿಣಾಮಗಳನ್ನೂ ಮಾಡಲಾಗುತ್ತದೆ. ಸಂಕಲನದ ವಿವರಗಳನ್ನು ಎಕ್ಸ್‌ಎಂಎಲ್ ಅಥವಾ ಇಡಿಎಲ್ ಕಡತವು ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಕೊನೆಗೆ ಪ್ರಾಕ್ಸಿಗಳ ಸ್ಥಾನದಲ್ಲಿ ಮೂಲ ಕಡತಗಳನ್ನು ಜೋಡಿಸುವ ಹಂತವನ್ನು ‘ಕನ್‌ಫಾರ್ಮ್’ ಎನ್ನುವರು.

ಮುಖ್ಯ ನಿಯಮ

ಮೂಲ ಮತ್ತು ಪ್ರಾಕ್ಸಿಗಳ ಹೆಸರು, ಟೈಮ್‌ಕೋಡ್, ಫ್ರೇಮ್ ದರ ಒಂದೇ ಆಗಿರಬೇಕು. ತಪ್ಪಿದಲ್ಲಿ ದೃಶ್ಯಪರಿಣಾಮಗಳು ಬೇರೆ ಫ್ರೇಮ್‌ಗೆ ಸರಿದು ಬಹುದಿನಗಳ ಶ್ರಮ ವ್ಯರ್ಥವಾಗಬಹುದು.

ಕನ್ನಡ ಚಿತ್ರರಂಗದಲ್ಲಿ ದೃಶ್ಯಪರಿಣಾಮ

‘ಕೆಜಿಎಫ್: ಚಾಪ್ಟರ್ 1’ (2018) ಚಿತ್ರವು 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ವಿಶೇಷ ಪರಿಣಾಮಗಳ ಪ್ರಶಸ್ತಿಯನ್ನು ತೆಲುಗು ಚಿತ್ರವೊಂದರೊಡನೆ ಹಂಚಿಕೊಂಡಿತು.