ಬ್ಯಾಂಕಾಕಿನಿಂದ ಮರಳಿದವರು

ಹಾಕಿಯ ಮಾತು ಬಂದರೆ ನಮ್ಮವರು 1928ರ ಆಂಸ್ಟರ್‌ಡ್ಯಾಮನ್ನೂ ಧ್ಯಾನಚಂದರನ್ನೂ ನೆನೆದು ನಿಟ್ಟುಸಿರಿಡುವುದು ವಾಡಿಕೆ. 1956ರವರೆಗೆ ಎಡೆಬಿಡದೆ ಆರು ಒಲಿಂಪಿಕ್ ಸ್ವರ್ಣಗಳನ್ನು ತಂದ ದೇಶವು 1986ರ ಲಂಡನ್ ವಿಶ್ವಕಪ್ಪಿನಲ್ಲಿ ಹನ್ನೆರಡು ತಂಡಗಳ ಪೈಕಿ ಹನ್ನೆರಡನೆಯದಾದುದೇಕೆಂದು ಕೇಳಿದರೆ, ಕೃತಕ ಹುಲ್ಲಿನ ಮೈದಾನವೆಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. 1976ರಲ್ಲಿ ಮಾಂಟ್ರಿಯಲ್ಲಿಗೆ ಆ ಮೈದಾನ ಬಂದುದೂ ನಾವು ಏಳನೆಯವರಾಗಿ ಉಳಿದುದೂ ನಿಜ. ಆದರೆ ಹುಲ್ಲನ್ನಷ್ಟೇ ದೂರಿ ಪ್ರಯೋಜನವಿಲ್ಲ. ಆಟಗಾರರನ್ನು ನಡೆಸಿಕೊಂಡ ರೀತಿಯಲ್ಲೂ ಕೊರೆಯಿತ್ತು.

1998ರ ಡಿಸೆಂಬರಿನಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡೆಗಳು ನಡೆದವು. ಇದೇ ಬ್ಯಾಂಕಾಕಿನಲ್ಲಿ 1966ರಲ್ಲಿ, ಗೋಲ್ ಕಾಯುತ್ತಿದ್ದ ಶಂಕರ್ ಲಕ್ಷ್ಮಣರ ನಾಯಕತ್ವದಲ್ಲಿ, ಭಾರತ ಮೊದಲ ಏಷ್ಯನ್ ಸ್ವರ್ಣವನ್ನು ಗೆದ್ದಿತ್ತು. ಅನಂತರ ಮೂವತ್ತೆರಡು ವರ್ಷ ಅದು ಕೈಗೆ ಹತ್ತಿರಲಿಲ್ಲ. ಈ ಸಲದ ನಾಯಕ ಪುಣೆಯ ಖಡಕಿಯಲ್ಲಿ ಬೆಳೆದ ಧನರಾಜ ಪಿಳ್ಳೆ. ಗೋಲ್‌ಕೀಪರ್ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ದಕ್ಷಿಣ ಕೊರಿಯದೊಡನೆ ಅಂತಿಮ ಪಂದ್ಯ 1–1ರಲ್ಲಿ ನಿಂತಿತು. ಪೆನಾಲ್ಟಿ ಹೊಡೆತಗಳ ಸರದಿ ಬಂತು. ಬಲ್ಲಾಳರು ಎರಡು ಹೊಡೆತಗಳನ್ನು ತಡೆದರು. ಭಾರತ 4–2ರಿಂದ ಗೆದ್ದಿತು. ಆ ದಿನ ರೇಡಿಯೊ, ದೂರದರ್ಶನಗಳ ಮುಂದೆ ಕುಳಿತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೆದ್ದವರಿಗೆ ದೊರೆತ ಉಡುಗೊರೆಯನ್ನು ಮಾತ್ರ ಹೇಳಲೇಬೇಕು. 1999ರ ಆರಂಭದಲ್ಲಿ ಪಾಕಿಸ್ತಾನದೊಡನೆ ನಡೆಯಬೇಕಿದ್ದ ಸರಣಿಗೆ ತಂಡವನ್ನು ಆರಿಸಿದಾಗ ಹಲವು ಮಂದಿ ಹಿರಿಯರ ಹೆಸರಿರಲಿಲ್ಲ. ನಾಯಕನೂ ಇಲ್ಲ, ಬಲ್ಲಾಳರೂ ಇಲ್ಲ! ಅವರಿಗೆ ವಿಶ್ರಾಂತಿ ಕೊಡಲಾಗಿದೆ ಎಂದು ಹೇಳಿಕೆ ಬಂತು. ಬೇಡದವರಿಗೆ ಬಲವಂತವಾಗಿ ಉಣಿಸಿದ ವಿಶ್ರಾಂತಿ ಅದು. ಆಟಗಾರರು ಭತ್ಯೆ, ಸೌಕರ್ಯಗಳನ್ನು ಬಾಯಿಬಿಟ್ಟು ಕೇಳಿದ್ದೇ ಅಪರಾಧವಾಯಿತೆಂದು ಜನ ಆಡಿಕೊಂಡರು. 1980ರ ಮಾಸ್ಕೊ ಸ್ವರ್ಣದ ತಂಡದಲ್ಲಿ ಆಡಿದ್ದ ತರಬೇತುದಾರ ಎಂ. ಕೆ. ಕೌಶಿಕರನ್ನೂ ಕಳುಹಿಸಿಬಿಟ್ಟರು. ಧನರಾಜರೇನೋ ಮರಳಿ ಬಂದು 2000ದ ಸಿಡ್ನಿಯಲ್ಲಿ ಆಡಿದರು. ಬಲ್ಲಾಳರು ಆ ತಂಡದಲ್ಲಿರಲಿಲ್ಲ.

ಒಮ್ಮೆ ಆದ ತಪ್ಪಾಗಿದ್ದರೆ ಮರೆಯಬಹುದಾಗಿತ್ತು. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸಿಗೆ ಕೆಲವೇ ವಾರಗಳಿರುವಾಗ ತರಬೇತುದಾರರನ್ನು ಬದಲಿಸಿ ಜರ್ಮನಿಯಿಂದ ಹೊಸಬರನ್ನು ಕರೆತಂದರು. ತಂಡ ಮತ್ತೆ ಏಳನೆಯದಾಯಿತು. 2008ರ ಮಾರ್ಚಿನಲ್ಲಿ ಚಿಲಿಯ ಸಾಂಟಿಯಾಗೊದಲ್ಲಿ ಬ್ರಿಟನ್ನಿಗೆ 0–2ರಿಂದ ಸೋತು, ಎಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಲಿಂಪಿಕ್ ಹಾಕಿಯಿಂದಲೇ ಹೊರಗುಳಿದೆವು. ಆಡಳಿತ ಬದಲಾಯಿತು. ಆದರೂ 2010ರ ಜನವರಿಯಲ್ಲಿ, ವಿಶ್ವಕಪ್ಪು ಹೊಸ್ತಿಲಲ್ಲಿದ್ದಾಗ, ಪುಣೆಯ ಶಿಬಿರದ ಆಟಗಾರರು ಬರಬೇಕಾದ ಹಣಕ್ಕಾಗಿ ಅಭ್ಯಾಸವನ್ನೇ ನಿಲ್ಲಿಸಬೇಕಾಯಿತು. ಅವರಲ್ಲಿ ಸೋಮವಾರಪೇಟೆಯ ಅರ್ಜುನ್ ಹಾಲಪ್ಪನವರೂ ಇದ್ದರು. ಗಣೇಶ್, ಗೋವಿಂದ, ಸೋಮಯ್ಯರನ್ನು ದೇಶಕ್ಕಿತ್ತ ಕೊಡಗಿನವರಿಗೆ ಆ ಸುದ್ದಿ ಹೇಗೆ ತಟ್ಟಿರಬೇಕೋ!

2018ರಿಂದ ಒಡಿಶಾ ಸರಕಾರ ತಂಡದ ಖರ್ಚಿಗೆ ನಿಂತಿತು. 2019ರಲ್ಲಿ ಬಂದ ಆಸ್ಟ್ರೇಲಿಯದ ಗ್ರಹಾಂ ರೀಡರನ್ನು ನಡುದಾರಿಯಲ್ಲಿ ಕದಲಿಸಲಿಲ್ಲ. 2021ರಲ್ಲಿ ಟೋಕಿಯೊದಲ್ಲಿ, ನಲವತ್ತೊಂದು ವರ್ಷಗಳ ಮೇಲೆ, ಕಂಚಿನ ಪದಕ ಬಂತು. ಕಡೆಯ ಕ್ಷಣದಲ್ಲಿ ಜರ್ಮನಿಯ ಹೊಡೆತವನ್ನು ತಡೆದ ಕೇರಳದ ಶ್ರೀಜೇಶರು 2024ರ ಪ್ಯಾರಿಸ್ಸಿನಲ್ಲೂ ಗೋಲ್ ಕಾದು, ಮತ್ತೊಂದು ಕಂಚು ಗೆದ್ದು, ಮೂವತ್ತಾರನೆಯ ವಯಸ್ಸಿನಲ್ಲಿ ತಾವಾಗಿಯೇ ನಿವೃತ್ತರಾದರು. ಕಿರಿಯರ ತಂಡವನ್ನು ಅವರ ಕೈಗೇ ಒಪ್ಪಿಸಿದರು. ಬ್ಯಾಂಕಾಕಿನಿಂದ ಮರಳಿದಾಗ ಬಲ್ಲಾಳರಿಗೆ ಇಪ್ಪತ್ತೆಂಟು.